ಸೋಮವಾರದ ಹೊಟ್ಟೆನೋವು

ಭಾನುವಾರ ರಾತ್ರಿಯವರೆಗೂ ಚೆನ್ನಾಗಿಯೇ ಇದ್ದ ಮಗು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಕೂರುತ್ತದೆ. ಅಜ್ಜಿ ಹೊಕ್ಕುಳಿನ ಸುತ್ತ ಇಂಗು ಹಚ್ಚುತ್ತಾರೆ. ಅಪ್ಪ ಗಡಿಯಾರ ನೋಡುತ್ತಾರೆ. ಶಾಲೆಯ ವ್ಯಾನು ಬೀದಿಯ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆದು ಹೊರಟುಹೋಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ನೋವು ಮಾಯ. ಹನ್ನೊಂದಕ್ಕೆ ಮಗು ದೋಸೆ ಕೇಳುತ್ತದೆ. "ಎಲ್ಲಾ ನಾಟಕ" ಎಂಬ ಮಾತು ಮನೆಯಲ್ಲಿ ಹುಟ್ಟುವುದು ಆಗಲೇ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಎಷ್ಟೋ ಮನೆಗಳಿಗೆ ಈ ಬೆಳಗು ಗೊತ್ತು.

ಆ ನೋವು ನಿಜವಾದದ್ದು. ಅಪಾಯದ ಸುಳಿವು ಸಿಕ್ಕ ಕೂಡಲೇ ಮಿದುಳಿನಲ್ಲಿರುವ ಅಮಿಗ್ಡಲಾ ಎಂಬ ಬಾದಾಮಿಯಷ್ಟಿರುವ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆ ಡವಗುಟ್ಟುತ್ತದೆ, ಹೊಟ್ಟೆ ಕರುಳುಗಳಿಗೆ ಹೋಗಬೇಕಾದ ರಕ್ತ ಕೈಕಾಲಿನ ಸ್ನಾಯುಗಳ ಕಡೆಗೆ ತಿರುಗುತ್ತದೆ. ಹೊಟ್ಟೆ ನುಲಿಯುವುದು, ವಾಕರಿಕೆ, ಗಳಿಗೆಗೊಮ್ಮೆ ಬಚ್ಚಲಿಗೆ ಓಡುವುದು ಎಲ್ಲವೂ ಇದರಿಂದಲೇ. ಎದುರಿಗಿರುವುದು ಹುಲಿಯೋ ಗಣಿತದ ಟೆಸ್ಟೋ ಎಂದು ದೇಹ ವಿಚಾರಿಸುತ್ತಾ ನಿಲ್ಲುವುದಿಲ್ಲ. ಆದರೂ ಮೊದಲ ಕೆಲಸ ಮಕ್ಕಳ ಡಾಕ್ಟರಿಗೆ ತೋರಿಸುವುದು. ರಕ್ತಹೀನತೆ, ಥೈರಾಯ್ಡ್, ಜಂತುಹುಳು ಇವೆಲ್ಲ ಇಲ್ಲವೆಂದು ಖಚಿತವಾದ ಮೇಲೆ ಮನಸ್ಸಿನ ಕಡೆ ನೋಡಬೇಕು.

ಈಗ ವ್ಯಾನು ಹೊರಟುಹೋದ ಆ ಗಳಿಗೆಯನ್ನು ಗಮನಿಸಿ. ಮಗುವಿಗೆ ಹಗುರವಾಗುತ್ತದೆ, ನಮಗೂ ಆಗುತ್ತದೆ. ತಪ್ಪಿಸಿಕೊಂಡಿದ್ದರಿಂದಲೇ ಪಾರಾದೆ ಎಂದು ಮಿದುಳು ಆ ನೆಮ್ಮದಿಯಿಂದ ಪಾಠ ಕಲಿಯುತ್ತದೆ. ಮಂಗಳವಾರದ ದಿಗಿಲು ಸೋಮವಾರದ್ದಕ್ಕಿಂತ ಒಂದು ಕೈ ಹೆಚ್ಚಿರುತ್ತದೆ. ಹೋಗಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಕಣ್ಣಾರೆ ಕಾಣುವ ಅವಕಾಶ ಮಗುವಿಗೆ ಸಿಗುವುದೇ ಇಲ್ಲ. ಆತಂಕ ಬೆಳೆಯುವ ಬಗೆಯೇ ಇದು. ಇದರಲ್ಲಿ ನಮ್ಮ ಪಾಲೂ ಇದೆ, ಪ್ರೀತಿಯಿಂದಲೇ ಬಂದ ಪಾಲು. ಅಂಗಡಿಯವನೊಡನೆ ಮಗುವಿನ ಬದಲು ನಾವು ಮಾತಾಡುತ್ತೇವೆ. ಹನ್ನೆರಡು ವರ್ಷವಾದರೂ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತೇವೆ. "ಅಮ್ಮಾ, ನಂಗೇನೂ ಆಗಲ್ಲ ಅಲ್ವಾ?" ಎಂಬ ಪ್ರಶ್ನೆಗೆ ಇಪ್ಪತ್ತು ಸಲ "ಏನೂ ಆಗಲ್ಲ" ಎನ್ನುತ್ತೇವೆ. ಇಪ್ಪತ್ತನೆಯ ಉತ್ತರದ ನೆಮ್ಮದಿ ಐದು ನಿಮಿಷವೂ ಬಾಳುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೋವಿಟ್ಜ್ ಮತ್ತು ಸಂಗಡಿಗರು ಹಿಡಿದದ್ದು ಈ ಎಳೆಯನ್ನೇ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 7ರಿಂದ 14 ವರ್ಷದ 124 ಮಕ್ಕಳಿದ್ದರು. ಒಂದು ಗುಂಪಿನಲ್ಲಿ ಚಿಕಿತ್ಸಕರು ನೇರವಾಗಿ ಮಕ್ಕಳ ಜೊತೆ ಕೆಲಸ ಮಾಡಿದರು. ಇನ್ನೊಂದರಲ್ಲಿ ಮಕ್ಕಳನ್ನು ಕರೆಯಲೇ ಇಲ್ಲ, ಮಗುವಿನ ಭಯಕ್ಕೆ ಹೀಗೆ ಮಣಿಯುವುದನ್ನು ಬಿಡುವ ಬಗೆಯನ್ನು ತಂದೆತಾಯಿಗೆ ಮಾತ್ರ 12 ವಾರ ಹೇಳಿಕೊಟ್ಟರು. ಕೊನೆಯಲ್ಲಿ ಎರಡೂ ಗುಂಪಿನ ಮಕ್ಕಳು ಸರಿಸುಮಾರು ಒಂದೇ ಮಟ್ಟಕ್ಕೆ ಸುಧಾರಿಸಿದ್ದರು. ಮಗುವಿನ ಮನಸ್ಸು ನಮ್ಮ ಕೈಲಿಲ್ಲ, ನಮ್ಮ ನಡವಳಿಕೆ ನಮ್ಮ ಕೈಲಿದೆ. ತಂದೆತಾಯಿಗೆ ಇದಕ್ಕಿಂತ ಧೈರ್ಯ ಕೊಡುವ ಸಂಗತಿ ನನಗೆ ತಿಳಿದಂತೆ ಇನ್ನೊಂದಿಲ್ಲ.

ಹಾಗಾದರೆ ಏನು ಹೇಳಬೇಕು? "ಇಷ್ಟಕ್ಕೆಲ್ಲ ಹೆದರ್ತಾರಾ, ಪುಕ್ಕಲು" ಎಂದರೆ ಮಗು ಭಯವನ್ನು ಬಚ್ಚಿಡಲು ಕಲಿಯುತ್ತದೆ. "ಪಾಪ, ಬಿಡು, ಹೋಗಬೇಡ" ಎಂದರೆ ತನ್ನಿಂದಾಗದು ಎಂದು ಅಮ್ಮನಿಗೂ ಅನ್ನಿಸಿದೆ ಎಂದು ತಿಳಿಯುತ್ತದೆ. ಕಷ್ಟವನ್ನು ಒಪ್ಪುವುದು, ಮಗುವಿನ ಮೇಲಿನ ನಂಬಿಕೆಯನ್ನು ಹೇಳುವುದು, ಇವೆರಡೂ ಒಂದೇ ಉಸಿರಿನಲ್ಲಿ ಬರಬೇಕು: "ನಿಂಗೆ ತುಂಬಾ ಕಷ್ಟ ಆಗ್ತಿದೆ ಅಂತ ಗೊತ್ತು ಪುಟ್ಟಾ. ನೀನು ತಡ್ಕೋತೀಯ ಅಂತಾನೂ ಗೊತ್ತು." ಅಷ್ಟೇ ಸಾಕು. ಗಾಬರಿಯಲ್ಲಿರುವ ಮಗುವಿಗೆ ಉದ್ದನೆಯ ಬುದ್ಧಿಮಾತು ಕೇಳಿಸುವುದಿಲ್ಲ. ಪಕ್ಕದಲ್ಲಿ ಕೂತು ಮೂರು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ ಬಿಡುವುದನ್ನು ನೀವೇ ಮಾಡಿ. ನಿಧಾನವಾಗಿ ಹೊರಬಿಡುವ ಉಸಿರು ಎದೆಬಡಿತವನ್ನು ಇಳಿಸುತ್ತದೆ. ಇದನ್ನು ಸಂಜೆ, ಮಗು ಸಮಾಧಾನದಲ್ಲಿದ್ದಾಗ ಅಭ್ಯಾಸ ಮಾಡಿಸಬೇಕು. ಗಾಬರಿಯ ಹೊತ್ತಿನಲ್ಲಿ ಹೊಸದಾಗಿ ಕಲಿಸಲು ಹೋದರೆ ಆಗದು.

ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರನ್ನು ಮೊದಲೇ ಕೂರಿಸಿಕೊಂಡು ಮಾತಾಡಿ. ಅಮ್ಮ "ಒಂದು ಸಲ ಉತ್ತರ ಹೇಳ್ತೀನಿ, ಮತ್ತೆ ಕೇಳಿದರೆ ಹೇಳಲ್ಲ" ಎಂದು ತೀರ್ಮಾನಿಸಿ, ಅಜ್ಜಿ ಅಡುಗೆಮನೆಯಿಂದ "ಏನೂ ಆಗಲ್ಲ ಕಂದಾ" ಎಂದು ಕೂಗಿ ಹೇಳಿದರೆ ಇಡೀ ಪ್ರಯತ್ನ ಅಲ್ಲಿಗೇ ನಿಲ್ಲುತ್ತದೆ. ಬಂದವರ ಮುಂದೆ "ಒಂದು ಶ್ಲೋಕ ಹೇಳು, ನಾಚ್ಕೋಬೇಡ" ಎಂದು ಹಟ ಹಿಡಿಯುವುದನ್ನೂ ನಿಲ್ಲಿಸಿ ಎಂದು ಕೇಳಿಕೊಳ್ಳಿ. ಹಠಾತ್ತನೆ ಒಡ್ಡಿದ ಪರೀಕ್ಷೆಯಲ್ಲಿ ಸೋತ ಮಗು ಮುಂದಿನ ಸಲ ಅತಿಥಿಗಳ ದನಿ ಕೇಳಿದೊಡನೆ ಕೋಣೆ ಸೇರುತ್ತದೆ.

ಮೆಟ್ಟಿಲು ಚಿಕ್ಕದಾಗಿರಬೇಕು, ಮುಂಚೆಯೇ ಗೊತ್ತಿರಬೇಕು. ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟವರು ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್. ಮೊಲ ಕಂಡರೆ ಕಿರುಚುತ್ತಿದ್ದ ಪೀಟರ್ ಎಂಬ ಪುಟ್ಟ ಮಗುವಿಗೆ ಅವರು ಇಷ್ಟದ ತಿನಿಸು ಕೊಟ್ಟು, ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಸ್ವಲ್ಪಸ್ವಲ್ಪ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಮುದ್ದಿಸಿದ. ಅವರು ಇದನ್ನು ಪ್ರಕಟಿಸಿದ್ದು 1924ರಲ್ಲಿ. ಇವತ್ತಿಗೂ ಮಕ್ಕಳ ಆತಂಕದ ಚಿಕಿತ್ಸೆಯ ತಿರುಳು ಇದೇ.

ನಮ್ಮ ಪೀಟರ್‌ಗೆ ಗಾಂಧಿ ಬಜಾರು ಸಾಕು. ಅಪರಿಚಿತರೊಡನೆ ಮಾತಾಡಲು ಹೆದರುವ ಒಂಬತ್ತು ವರ್ಷದ ಹುಡುಗಿ ಎಂದಿಟ್ಟುಕೊಳ್ಳಿ. ಮೊದಲ ವಾರ ಅಮ್ಮ ಸೊಪ್ಪು ಕೊಳ್ಳುವಾಗ ಅವಳು ಪಕ್ಕದಲ್ಲಿ ನಿಲ್ಲುತ್ತಾಳೆ, ಅಷ್ಟೇ. ಆಮೇಲೆ ದುಡ್ಡನ್ನು ಅವಳ ಕೈಯಿಂದ ಕೊಡಿಸುವುದು. ಆಮೇಲೆ "ಒಂದು ಕಟ್ಟು ಕೊತ್ತಂಬರಿ ಕೊಡಿ" ಎಂಬ ಒಂದು ವಾಕ್ಯ. ಅದನ್ನು ಮನೆಯಲ್ಲಿ ಅಪ್ಪನನ್ನು ಅಂಗಡಿಯವನನ್ನಾಗಿ ಮಾಡಿ ನಾಲ್ಕು ಸಲ ಹೇಳಿಸಿ. ಮುಂದೆ ಎಷ್ಟು ಎಂದು ಕೇಳುವುದು, ಅದರ ಮುಂದೆ ಅಮ್ಮ ಹತ್ತು ಹೆಜ್ಜೆ ದೂರ ನಿಲ್ಲುವುದು. ಚಿಲ್ಲರೆ ಕಡಿಮೆ ಬಂದರೆ ತಾನೇ ಕೇಳುವುದು ದೊಡ್ಡ ಮೆಟ್ಟಿಲು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಒಂದೊಂದು ಮೆಟ್ಟಿಲಲ್ಲೂ ಭಯ ಇಳಿಯುವವರೆಗೆ ನಿಲ್ಲಬೇಕು, ಅದೇ ಮೆಟ್ಟಿಲನ್ನು ಹಲವು ಸಲ ಹತ್ತಬೇಕು. ಭಯ ಇಳಿಯುವ ಮೊದಲೇ ಓಡಿಬಂದರೆ ಹಳೆಯ ಪಾಠವೇ ಗಟ್ಟಿಯಾಗುತ್ತದೆ. ಹೊಗಳುವಾಗ ಫಲಿತಾಂಶಕ್ಕಿಂತ ಪ್ರಯತ್ನವನ್ನು ಹೊಗಳಿ: "ಹೆದರಿಕೆ ಇದ್ದರೂ ಕೇಳಿದೆಯಲ್ಲಾ!" ಜನಜಂಗುಳಿಗೆ ಹೆದರುವ ಮಗುವನ್ನು ಮೊದಲ ಸಲವೇ ಕಡಲೆಕಾಯಿ ಪರಿಷೆಯ ನಡುವಿಗೆ ನುಗ್ಗಿಸಬೇಡಿ. ಕಾರ್ತಿಕ ಮಾಸದ ಕಡೆಯ ಸೋಮವಾರದ ಆ ಗದ್ದಲಕ್ಕೆ ಒಂದೆರಡು ದಿನ ಮುಂಚೆ, ಅಂಗಡಿ ಹೂಡುತ್ತಿರುವಾಗ ಬುಲ್ ಟೆಂಪಲ್ ರಸ್ತೆಯಲ್ಲಿ ಒಂದು ಸುತ್ತು ಬನ್ನಿ.

ನೀವು ಮಗುವಿನ ಭಯಕ್ಕೆ ಮಣಿಯುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಅಳು, ಕೋಪ, ಹಟ ಹೆಚ್ಚುತ್ತವೆ. ಎಷ್ಟೋ ತಂದೆತಾಯಿ ಅಲ್ಲೇ ಕೈಬಿಡುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ ಆರಿಸಿಕೊಂಡು, ಏನು ಮಾಡಲಿದ್ದೀರಿ ಎಂದು ಮಗುವಿಗೆ ಮುಂಚೆಯೇ ತಿಳಿಸಿ, ಅದಕ್ಕೆ ಅಂಟಿಕೊಳ್ಳಿ.

ಹತ್ತನೇ ತರಗತಿಯವರ ಮಾತು ಸ್ವಲ್ಪ ಬೇರೆ. ಅಲ್ಲಿ ಮಗುವಿನ ಭಯದ ಜೊತೆ ಇಡೀ ಬೀದಿಯ ಕುತೂಹಲವೂ ಸೇರಿಕೊಂಡಿರುತ್ತದೆ. ಎಸ್ಸೆಸ್ಸೆಲ್ಸಿಯನ್ನು 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆದು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳುವ ಅವಕಾಶವಿದೆ ಎಂದು ಮಗುವಿಗೆ ತಿಳಿಸಿ. ಓದು ಎಷ್ಟೇ ಇದ್ದರೂ ನಿದ್ದೆಯಲ್ಲಿ ಮಾತ್ರ ರಾಜಿ ಬೇಡ.

ಕತ್ತಲೆ, ಗುಮ್ಮ, ಗುಡುಗು ಎಂದರೆ ನಾಲ್ಕೈದು ವರ್ಷದವರು ಹೆದರುವುದು ಸಹಜ. ಆದರೆ ಭಯ ವಾರಗಟ್ಟಲೆ ಇಳಿಯದೆ ಶಾಲೆ, ನಿದ್ದೆ, ಊಟ, ಗೆಳೆತನ ಯಾವುದಕ್ಕಾದರೂ ಅಡ್ಡ ಬಂದರೆ ತಜ್ಞರ ಬಳಿ ಹೋಗಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯಕೀಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು, ಗಾಯ ಮಾಡಿಕೊಳ್ಳುವ ಮಾತು ಮಗುವಿನ ಬಾಯಲ್ಲಿ ಬಂದರೆ ಒಂದು ದಿನವೂ ಕಾಯಬೇಡಿ. ಔಷಧಿಯನ್ನು ತಜ್ಞರು ಬರೆದುಕೊಟ್ಟರೆ ಅದಕ್ಕೆ ಹೆದರಬೇಕಿಲ್ಲ. "ಮಗುವಿಗೇನು ಹುಚ್ಚೇ?" ಎಂದು ಹಿರಿಯರು ಮುಜುಗರಪಟ್ಟರೆ ಅವರಿಗೆ ರಾಶಿಯವರನ್ನು ನೆನಪಿಸಿ. 'ರಾಶಿ' ಎಂದೇ ಹೆಸರಾದ, 'ಕೊರವಂಜಿ' ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ ಮನಸ್ಸಿನ ತೊಂದರೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

ಇನ್ನು ಮುಂದಿನ ಸೋಮವಾರ. ಎಷ್ಟು ದಿನ ಶಾಲೆ ತಪ್ಪಿದರೆ ಮರಳುವುದು ಅಷ್ಟು ಕಷ್ಟ, ಹಾಗಾಗಿ ಅರ್ಧ ದಿನವಾದರೂ ಹೋಗಲಿ. ಕ್ಲಾಸ್ ಟೀಚರ್ ಜೊತೆ ಹಿಂದಿನ ದಿನವೇ ಮಾತಾಡಿ. ದಿಗಿಲು ಹತ್ತಿದರೆ ಮಗು ಐದು ನಿಮಿಷ ಎಲ್ಲಿ ಕೂರಬಹುದು, ಯಾರಿಗೆ ಹೇಳಬಹುದು ಎಂದು ಗೊತ್ತುಮಾಡಿಕೊಳ್ಳಿ. ಮನೆಯಲ್ಲೇ ಉಳಿದ ದಿನ ಟಿವಿ, ಮೊಬೈಲು ಬೇಡ, ಬೈಗುಳವೂ ಬೇಡ. ಗೇಟಿನ ಹತ್ತಿರ ಒಂದು ಸಲ ತಬ್ಬಿ, "ಮೂರೂವರೆಗೆ ಇಲ್ಲೇ ಇರ್ತೀನಿ" ಎಂದು ಹೇಳಿ ಹೊರಡಿ. ಹೋಗುವಾಗ ತಿರುಗಿ ತಿರುಗಿ ನೋಡಬೇಡಿ. ಮೂರೂವರೆಗೆ ಐದು ನಿಮಿಷ ಮುಂಚೆಯೇ ಅಲ್ಲಿರಿ.