ಯಾವ ಗಾಳಿಗೆ ಯಾವ ಪಟ?

ಆಷಾಢಮಾಸದಲ್ಲಿ ಮಳೆ ಕೊಂಚ ಬಿಡುವು ಕೊಟ್ಟ ಸಂಜೆ ಶಿವಮೊಗ್ಗದ ಯಾವುದಾದರೊಂದು ಬಯಲಿನಲ್ಲಿ ನಿಂತು, ಗಾಳಿಪಟ ಹಾರಿಸುವ ಹುಡುಗರ ಕೈಗಳನ್ನು ಗಮನಿಸಬೇಕು. ಗಾಳಿ ಬಿರುಸಾದರೆ ಪಟವನ್ನು ಕೆಳಗಿಳಿಸಿ, ಸೂತ್ರದ ಗಂಟನ್ನು ಪಟದ ತಲೆಯ ಕಡೆಗೆ ಒಂದು ಬೆರಳಿನಷ್ಟು ಸರಿಸುತ್ತಾರೆ. ಗಾಳಿ ಸಪ್ಪಗಾದರೆ ಮತ್ತೆ ಕೆಳಕ್ಕೆ ತರುತ್ತಾರೆ. ಏಕೆಂದು ಕೇಳಿದರೆ, ಹಾಗೆ ಮಾಡದಿದ್ದರೆ ದಾರ ಹರಿದುಹೋಗುತ್ತದೆ ಎಂದಷ್ಟೇ ಉತ್ತರ. ಉತ್ತರ ಚಿಕ್ಕದಾದರೂ ಅದರಲ್ಲಿ ಅಡಗಿರುವ ಶಾಸ್ತ್ರ ಚಿಕ್ಕದಲ್ಲ.

ಭದ್ರಾವತಿಯ ಕಾಲೇಜು ವಿದ್ಯಾರ್ಥಿಯೊಬ್ಬರು ಬರೆದ ಕಾಗದ ನಮಗೆ ಈ ದೃಶ್ಯವನ್ನು ನೆನಪಿಗೆ ತಂದಿತು. ಅವರಿಗೆ ಕೈಟ್‌ಬೋರ್ಡಿಂಗ್ ಕಲಿಯುವ ಹಂಬಲ. ರಜೆಯಲ್ಲಿ ರಾಮೇಶ್ವರದ ಕಡಲತೀರಕ್ಕೆ ಹೋಗಿ ಕಲಿಯುವ ಯೋಚನೆ. ಅದಕ್ಕೆ ಮೊದಲೇ ಯಾರೋ ಬಳಸಿದ ೧೪ ಚದರ ಮೀಟರಿನ ಪಟವೊಂದು ಅಗ್ಗವಾಗಿ ಸಿಕ್ಕುವಂತಿದೆಯಂತೆ. ದೊಡ್ಡ ಪಟ, ಕಡಮೆ ಬೆಲೆ; ಕೊಳ್ಳಬಹುದೆ ಎಂಬುದು ಅವರ ಪ್ರಶ್ನೆ. ತಮ್ಮ ತೂಕ ೫೫ ಕಿಲೋಗ್ರಾಂ ಎಂಬುದನ್ನೂ ಅವರು ತಿಳಿಸಿದ್ದು ಒಳ್ಳೆಯದಾಯಿತು. ಏಕೆಂದರೆ ಉತ್ತರವು ಬೆಲೆಗಿಂತ ಹೆಚ್ಚಾಗಿ ಆ ಅಂಕಿಯನ್ನು ಅವಲಂಬಿಸಿದೆ.

ಈ ಆಟವನ್ನು ಕಾಣದ ವಾಚಕರಿಗೆ ಎರಡು ಮಾತು. ಸವಾರನು ಒಂದು ಹಲಗೆಗೆ ಪಾದಗಳನ್ನು ಸಿಕ್ಕಿಸಿಕೊಂಡು ನೀರಿನ ಮೇಲೆ ನಿಲ್ಲುತ್ತಾನೆ. ಇಪ್ಪತ್ತಕ್ಕೂ ಹೆಚ್ಚು ಮೀಟರ್ ಉದ್ದದ ನಾಲ್ಕು ದಾರಗಳ ಕೊನೆಯಲ್ಲಿ ಹಾರುವ ದೊಡ್ಡ ಬಟ್ಟೆಯ ಪಟ ಅವನನ್ನು ಎಳೆದೊಯ್ಯುತ್ತದೆ. ಎಳೆತದ ಬಹುಭಾಗವನ್ನು ಸೊಂಟಪಟ್ಟಿ ಹೊರುತ್ತದೆ. ಕೈಯಲ್ಲಿರುವ ಹಿಡಿಕೋಲು ಪಟವನ್ನು ನಡೆಸುತ್ತದೆ. ಕಲ್ಪನೆ ಹೊಸದೇನಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಉಪಾಧ್ಯಾಯ ಜಾರ್ಜ್ ಪೊಕಾಕ್ ೧೮೨೬ರಲ್ಲಿಯೇ ಗಾಳಿಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದಿದ್ದನು. ೧೯೦೩ರಲ್ಲಿ ಸ್ಯಾಮ್ಯುಯೆಲ್ ಕೋಡಿ ಪಟ ಕಟ್ಟಿದ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ಆದರೆ ನೀರಿಗೆ ಬಿದ್ದ ಪಟ ಮತ್ತೆ ಏಳುವ ಉಪಾಯ ಸಿಕ್ಕಿದ್ದು ೧೯೮೪ರಲ್ಲಿ. ಆ ವರ್ಷ ಫ್ರಾನ್ಸಿನ ಲೆಗೆನ್ಯೂ ಸಹೋದರರು ಗಾಳಿ ತುಂಬಿದ ಕೊಳವೆಗಳೇ ಮೈಯ ಎಲುಬಾಗಿರುವ ಪಟಕ್ಕೆ ಪೇಟೆಂಟ್ ಕೋರಿದರು. ನಲವತ್ತು ವರ್ಷ ಕಳೆದು, ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಸ್ಪರ್ಧೆಯಾಗಿ ಸೇರಿತು.

ಈಗ ಲೆಕ್ಕಕ್ಕೆ ಬರೋಣ. ಪಟದ ಎಳೆತವು ಅದರ ಕ್ಷೇತ್ರಫಲಕ್ಕೆ ಅನುಗುಣವಾಗಿಯೂ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ಗಂಟೆಗೆ ೧೮ ಕಿಲೋಮೀಟರ್ ವೇಗದ ಗಾಳಿಯಲ್ಲಿ, ಚದರ ಮೀಟರಿನ ಐದನೆಯ ಒಂದು ಪಾಲಿನಷ್ಟಿರುವ ಕಾಗದದ ಪಟ ಸುಮಾರು ೩೦೦ ಗ್ರಾಮಿನ ಭಾರದಷ್ಟು ಎಳೆಯುತ್ತದೆ. ಅದೇ ಗಾಳಿಗೆ ೧೨ ಚದರ ಮೀಟರಿನ ಪಟವನ್ನು ಒಡ್ಡಿದರೆ ೧೮ ಕಿಲೋಗ್ರಾಂ. ಗಾಳಿ ಇಮ್ಮಡಿಯಾಯಿತೆನ್ನಿ; ಎಳೆತ ಇಮ್ಮಡಿಯಲ್ಲ, ನಾಲ್ಮಡಿ! ೭೦ ಕಿಲೋಗ್ರಾಮನ್ನು ಮೀರಿತು. ಇದು ಪಟ ನಿಂತಲ್ಲಿಯೇ ನಿಂತಿದ್ದಾಗಿನ ಮಾತು. ಸವಾರನು ಪಟವನ್ನು ಆಕಾಶದಲ್ಲಿ ಅಡ್ಡಡ್ಡವಾಗಿ ಬೀಸಿದಾಗ ಪಟದ ಸ್ವಂತ ವೇಗವೂ ಗಾಳಿಯ ವೇಗಕ್ಕೆ ಕೂಡಿಕೊಂಡು ಎಳೆತ ಇನ್ನೂ ಅನೇಕ ಪಾಲು ಬೆಳೆಯುತ್ತದೆ.

ಇಷ್ಟು ಬಲವನ್ನು ಅಂಕೆಯಲ್ಲಿಡುವ ಬಗೆ ಹೇಗೆ? ಇಲ್ಲಿಯೇ ನಮ್ಮ ಬಯಲಿನ ಹುಡುಗರ ಗಂಟು ನೆರವಿಗೆ ಬರುತ್ತದೆ. ಗಂಟು ತಲೆಯ ಕಡೆ ಸರಿದರೆ ಪಟ ಗಾಳಿಗೆ ಒಡ್ಡುವ ಕೋನ ಕಿರಿದಾಗಿ ಎಳೆತ ತಗ್ಗುತ್ತದೆ. ಹುಡುಗರು ಇದಕ್ಕಾಗಿ ಪಟವನ್ನು ನೆಲಕ್ಕಿಳಿಸಬೇಕು. ಸವಾರನು ಹಾರುತ್ತಿರುವಾಗಲೇ ಇದನ್ನು ಮಾಡಬಲ್ಲನು. ಹಿಡಿಕೋಲನ್ನು ತನ್ನ ಕಡೆಗೆ ಸೆಳೆದರೆ ಹಿಂದಿನ ಎರಡು ದಾರಗಳು ಬಿಗಿದು ಕೋನ ಹಿಗ್ಗುತ್ತದೆ; ದೂರ ತಳ್ಳಿದರೆ ಕುಗ್ಗುತ್ತದೆ. ಎಲ್ಲ ಪಟಗಳೂ ಈ ಅಂಕೆಗೆ ಒಂದೇ ಸಮನಾಗಿ ಬಗ್ಗವು. ಪಟಗಳ ಜಾತಿಭೇದ ಹುಟ್ಟಿದ್ದು ಬಹುಮಟ್ಟಿಗೆ ಇದರಿಂದಲೇ.

ಗಾಳಿಯಲ್ಲಿ ಆಚೆಈಚೆ ಸುಖವಾಗಿ ತೇಲಿ, ಆಗೊಮ್ಮೆ ಈಗೊಮ್ಮೆ ಜಿಗಿಯುವ ಸವಾರಿಗೆ ಫ್ರೀರೈಡ್ ಎಂದು ಹೆಸರು. ಇದಕ್ಕೆ ಒಗ್ಗುವುದು ಬಿಲ್ಲಿನಂತೆ ಚಪ್ಪಟೆಯಾಗಿ ಬಾಗಿದ ಪಟ. ಹಿಡಿಕೋಲನ್ನು ದೂರ ತಳ್ಳಿದೊಡನೆ ಅದು ತನ್ನ ಬಲವನ್ನೆಲ್ಲ ಬಹುಪಾಲು ಚೆಲ್ಲಿಬಿಡುತ್ತದೆ, ನೀರಿನಿಂದ ಏಳುವುದೂ ಸುಲಭ. ಫ್ರೀಸ್ಟೈಲ್ ಎಂಬ ಕಸರತ್ತಿನಲ್ಲಿ ಸವಾರನು ಸೊಂಟದ ಕೊಕ್ಕೆಯನ್ನೇ ಕಳಚಿ ಕೈಬಲದಿಂದ ಪಟವನ್ನು ಹಿಡಿದು ಲಾಗ ಹಾಕುತ್ತಾನೆ. ಅವನಿಗೆ ಬೇಕಾದುದು ಆಳವಾಗಿ ಕಮಾನಿನಂತೆ ಬಾಗಿದ, ಸದಾ ಬಿಗಿಯಾಗಿ ಎಳೆಯುವ ಪಟ. ಅದರ ಬಲವನ್ನು ತಗ್ಗಿಸುವುದು ಕಷ್ಟ. ಹೊಸಬನ ಕೈಗೆ ಅದನ್ನು ಕೊಡುವುದು ಕುದುರೆ ಹತ್ತಲು ಬಾರದವನಿಗೆ ಪಂದ್ಯದ ಕುದುರೆಯನ್ನು ಕೊಟ್ಟಂತೆ. ಅಲೆಗಳ ಮೇಲೆ ಜಾರುವವನು ಚುರುಕಾಗಿ ತಿರುಗುವ ಸಣ್ಣ ಪಟವನ್ನು ಆರಿಸುತ್ತಾನೆ.

ಓಟದ ಸ್ಪರ್ಧಿಗಳ ದಾರಿಯೇ ಬೇರೆ. ಅವರ ಪಟ ಉದ್ದವಾಗಿ, ಕಿರಿದಾಗಿ, ಪ್ಯಾರಾಚೂಟಿನಂತೆ ಗಾಳಿಯ ಕೋಶಗಳಿಂದ ಕೂಡಿರುತ್ತದೆ. ಪಕ್ಷಿಗಳಲ್ಲಿಯೂ ಈ ಭೇದವುಂಟಷ್ಟೆ: ಮರಗಳ ನಡುವೆ ತಟ್ಟನೆ ತಿರುಗಬೇಕಾದ ಗಿಡುಗಕ್ಕೆ ಗಿಡ್ಡ ರೆಕ್ಕೆ, ಕಡಲ ಮೇಲೆ ದಿನವೆಲ್ಲ ತೇಲುವ ಹಕ್ಕಿಗೆ ನೀಳವಾದ ರೆಕ್ಕೆ. ಓಟದ ಹಲಗೆಯ ಅಡಿಯಲ್ಲಿಯೂ ಒಂದು ಪುಟ್ಟ ರೆಕ್ಕೆ ನೀರಿನೊಳಗೆ ಇಳಿದಿರುತ್ತದೆ. ನೀರು ಗಾಳಿಗಿಂತ ಸುಮಾರು ೮೦೦ ಪಾಲು ಸಾಂದ್ರವಾದುದರಿಂದ, ಅಂಗೈಯಗಲಕ್ಕಿಂತ ಹೆಚ್ಚು ಅಗಲವಿಲ್ಲದ ಆ ರೆಕ್ಕೆ ಹಲಗೆಯನ್ನೂ ಆಳನ್ನೂ ನೀರಿನಿಂದ ಮೇಲಕ್ಕೆತ್ತಿಬಿಡುತ್ತದೆ. ನಮಗಂತೂ ಈ ಆಟದಲ್ಲಿ ಅತ್ಯಂತ ಸೋಜಿಗವೆನಿಸಿದ ಭಾಗ ಇದೇ. ಆದರೆ ನಮ್ಮ ವಿದ್ಯಾರ್ಥಿಮಿತ್ರರಿಗೆ ಸದ್ಯಕ್ಕೆ ಇದರ ಗೊಡವೆ ಬೇಡ.

ಅವರ ಪಟದ ಅಳತೆ ಏನಿರಬೇಕು? ಸವಾರರಲ್ಲಿ ಒಂದು ಕೈಬಳಕೆಯ ಲೆಕ್ಕವುಂಟು: ಮೈತೂಕವನ್ನು ಪೌಂಡುಗಳಲ್ಲಿ ಹಿಡಿದು, ನಾಟ್‌ಗಳಲ್ಲಿ ಅಳೆದ ಗಾಳಿಯ ವೇಗದಿಂದ ಭಾಗಿಸಿದರೆ ಪಟದ ಚದರ ಮೀಟರುಗಳು ಸ್ಥೂಲವಾಗಿ ದೊರೆಯುತ್ತವೆ. ೫೫ ಕಿಲೋಗ್ರಾಂ ಎಂದರೆ ೧೨೧ ಪೌಂಡು. ೧೫ ನಾಟ್, ಎಂದರೆ ಗಂಟೆಗೆ ೨೮ ಕಿಲೋಮೀಟರ್ ವೇಗದ ಗಾಳಿ ರಾಮೇಶ್ವರದಲ್ಲಿ ಅಪರೂಪವಲ್ಲ. ಅದಕ್ಕೆ ೮ ಚದರ ಮೀಟರ್ ಸಾಕು. ೧೪ ಮೀಟರಿನ ಪಟ ಇವರಿಗೆ ಹೊಂದುವುದು ಗಂಟೆಗೆ ೧೬ ಕಿಲೋಮೀಟರಿನ ಎಳೆಗಾಳಿಯಲ್ಲಿ. ಅದನ್ನೇ ೨೮ ಕಿಲೋಮೀಟರಿನ ಗಾಳಿಗೆ ಒಡ್ಡಿದರೆ ಎಳೆತ ಮೂರು ಪಟ್ಟು! ಅಗ್ಗದ ಪಟ ಆಳನ್ನು ಮರಳಿನ ಮೇಲೆ ಎಳೆದುಕೊಂಡು ಹೋಗುವುದು ಇಂಥ ಸಂದರ್ಭದಲ್ಲಿಯೇ.

ಆದುದರಿಂದ ನಮ್ಮ ಸಲಹೆ: ಮೊದಲು ಕಲಿಸುವವರ ಪಟದಲ್ಲಿಯೇ ಕಲಿಯಿರಿ, ಬಳಿಕ ೮ ಅಥವಾ ೯ ಮೀಟರಿನ ಬಿಲ್ಲುಪಟವನ್ನು ನೋಡಿ. ಹಳೆಯದಾದರೆ, ಅಪಾಯ ಬಂದಾಗ ಪಟವನ್ನು ಕ್ಷಣದಲ್ಲಿ ಕಳಚುವ ಕೀಲು ಕೆಲಸ ಮಾಡುವುದೇ ಎಂದು ನೀವೇ ಎಳೆದು ಪರೀಕ್ಷಿಸಿ. ನಾಲ್ಕು ದಾರಗಳ ತುದಿಯನ್ನೂ ಒಂದೇ ಕಂಬಕ್ಕೆ ಸಿಕ್ಕಿಸಿ ಜಗ್ಗಿ, ಉದ್ದ ಸಮವಾಗಿದೆಯೇ ನೋಡಿ. ಎಡಬಲಗಳಲ್ಲಿ ಹೆಚ್ಚುಕಡಮೆಯಾದರೆ, ಸೂತ್ರ ಸೊಟ್ಟಗಾದ ಕಾಗದದ ಪಟದಂತೆಯೇ ಅದು ಒಂದು ಮಗ್ಗುಲಿಗೆ ವಾಲುತ್ತದೆ.

ಊರಿಗೆ ಸಮೀಪದ ಭದ್ರಾ ಜಲಾಶಯದಲ್ಲಿ ಅಭ್ಯಾಸ ಮಾಡಬಹುದೆ ಎಂದೂ ಅವರು ಕೇಳಿದ್ದಾರೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು ೫೭೦ ಮೀಟರ್ ಎತ್ತರದಲ್ಲಿದೆ. ಭದ್ರಾವತಿ ಇನ್ನೂ ಕೊಂಚ ಮೇಲೆ. ಈ ಎತ್ತರದಲ್ಲಿ ಗಾಳಿ ನೂರಕ್ಕೆ ಐದರಷ್ಟು ತೆಳುವಾಗಿ, ಎಳೆತವೂ ಅಷ್ಟೇ ತಗ್ಗುತ್ತದೆ. ಇದು ದೊಡ್ಡ ತೊಡಕಲ್ಲ. ತೊಡಕಿರುವುದು ಸುತ್ತಲಿನ ಕಾಡುಬೆಟ್ಟಗಳಲ್ಲಿ. ಕಡಲಗಾಳಿ ತಡೆಯಿಲ್ಲದೆ ಸಮವಾಗಿ ಬರುತ್ತದೆ. ಬೆಟ್ಟ ದಾಟಿದ ಗಾಳಿ ಸುಳಿಸುಳಿಯಾಗಿ, ಒಮ್ಮೆ ಸತ್ತು ಒಮ್ಮೆ ನುಗ್ಗಿ ಬರುತ್ತದೆ. ವರ್ಗದ ನಿಯಮವನ್ನು ನೆನೆದರೆ, ಹಾಗೆ ನುಗ್ಗಿದ ಗಾಳಿಯ ಫಲ ಏನೆಂಬುದನ್ನು ಹೇಳಬೇಕಾಗಿಲ್ಲ.

ರಜೆ ಬರುವವರೆಗೆ ಅವರು ವಿದ್ಯುತ್ ತಂತಿಗಳಿಲ್ಲದ ಬಯಲಿನಲ್ಲಿ ಕಾಗದದ ಪಟವನ್ನೇ ಹಾರಿಸಲಿ. ಗಂಟನ್ನು ಒಂದೊಂದು ಬೆರಳು ಸರಿಸುತ್ತ ಎಳೆತ ಬದಲಾಗುವುದನ್ನು ಕೈಯಿಂದ ಅರಿಯಲಿ. ದಾರ ಮಾತ್ರ ಹತ್ತಿಯದಾಗಿರಲಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೭ರಲ್ಲಿ ದೇಶದಾದ್ಯಂತ ನಿಷೇಧಿಸಿದೆ.