ಬೋರ್ಡಿಂಗಿನ ಗುಂಯ್‌ಗುಟ್ಟುವ ಪೆಟ್ಟಿಗೆ

ಬೋರ್ಡಿಂಗಿನ ಗೋಡೆಯ ಮೇಲಿರುವ ಕಬ್ಬಿಣದ ಪೆಟ್ಟಿಗೆಯು ಹಗಲಿರುಳೂ ಗುಂಯ್‌ಗುಟ್ಟುವುದೇಕೆಂದೂ ಅದನ್ನು ಕಿತ್ತುಹಾಕಬಾರದೇಕೆಂದೂ ಹಲವು ಮಂದಿ ತಾಯಿತಂದೆಗಳು ನಮ್ಮನ್ನು ಕೇಳಿರುವರು. ಪರೀಕ್ಷೆಯ ಕಾಲದಲ್ಲಿ ಪಕ್ಕದ ಕೊಠಡಿಯ ಮಕ್ಕಳಿಗೆ ಸರಿಯಾದ ನಿದ್ರೆಯಿಲ್ಲದಿದ್ದುದು ನಿಜವೇ. ಪ್ರಶ್ನೆಯು ನ್ಯಾಯವಾದದ್ದಾದುದರಿಂದ ಉತ್ತರವನ್ನು ತುಸು ವಿವರವಾಗಿಯೇ ಬರೆಯುತ್ತೇವೆ.

ಅದರೊಳಗಿರುವುದು ಚೇಂಜೋವರ್ ಸ್ವಿಚ್ಚು. ಬೀದಿಯ ವಿದ್ಯುತ್ತು ನಿಂತಾಗ ಜನರೇಟರಿನದನ್ನೂ, ಮರಳಿ ಬಂದಾಗ ಬೀದಿಯದನ್ನೂ ಕಟ್ಟಡಕ್ಕೆ ಕೂಡಿಸುವುದು ಅದರ ಕೆಲಸ. ಎರಡನ್ನೂ ಒಮ್ಮೆಗೇ ಕೂಡಗೊಡದಿರುವುದು ಅದಕ್ಕಿಂತಲೂ ಮುಖ್ಯವಾದ ಕೆಲಸ. ಸ್ವಿಚ್ಚನ್ನು ತೆಗೆದು ತಂತಿಗಳನ್ನು ನೇರವಾಗಿ ಜೋಡಿಸಿದರೆ ಜನರೇಟರಿನ ವಿದ್ಯುತ್ತು ಬೀದಿಗೆ ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನ ಮೂಲಕ ೧೧,೦೦೦ ವೋಲ್ಟಿನವರೆಗೂ ಏರಬಲ್ಲದು. ಆಗ ಕಂಬವೇರಿರುವ ಲೈನ್‌ಮನ್ನನು ಕರೆಂಟಿಲ್ಲವೆಂದು ನಂಬಿ ತಂತಿಯನ್ನು ಮುಟ್ಟುವನು. ಅವನ ಮನೆಯಲ್ಲಿಯೂ ಮಕ್ಕಳುಂಟು. ಆದಕಾರಣ ಬರಿದೇ ಕಿತ್ತುಹಾಕುವ ಮಾತನ್ನು ನಾವು ಒಪ್ಪಲಾರೆವು.

ಇನ್ನು ಶಬ್ದದ ವಿಚಾರ. ಸ್ವಿಚ್ಚನ್ನು ಹಿಡಿದಿಡುವುದು ತಂತಿಯ ಸುರುಳಿಯೂ ಕಬ್ಬಿಣದ ತಿರುಳೂ ಸೇರಿದ ಒಂದು ವಿದ್ಯುದಯಸ್ಕಾಂತ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನೆಗಳುಳ್ಳದ್ದು. ಪ್ರತಿ ಆವರ್ತನೆಯಲ್ಲಿ ಎರಡು ಸಲ ಶೂನ್ಯಕ್ಕಿಳಿಯುವುದರಿಂದ ಅಯಸ್ಕಾಂತದ ಸೆಳೆತವೂ ಸೆಕೆಂಡಿಗೆ ೧೦೦ ಸಲ ಕುಗ್ಗುತ್ತದೆ. ಪ್ರತಿ ಸಲವೂ ಸ್ಪ್ರಿಂಗು ಕಬ್ಬಿಣವನ್ನು ಹಿಂದಕ್ಕೆ ಎಳೆಯಲೆತ್ನಿಸುವುದು. ಇದನ್ನು ತಡೆಯುವುದಕ್ಕಾಗಿ ತಿರುಳಿನ ಮುಖದಲ್ಲಿ ತಾಮ್ರದ ಸಣ್ಣ ಬಳೆಯೊಂದನ್ನು ಹುದುಗಿಸಿರುತ್ತಾರೆ. ಅದು ಸೆಳೆತದ ಒಂದಂಶವನ್ನು ಸ್ವಲ್ಪ ತಡಮಾಡಿಸುವುದರಿಂದ, ಒಂದು ಭಾಗವು ಬಲಗುಂದಿದಾಗ ಇನ್ನೊಂದು ಹಿಡಿದಿರುತ್ತದೆ. ಬಳೆಯು ಬಿರಿದರೆ, ಅಥವಾ ಕಬ್ಬಿಣದ ಮುಖಗಳ ನಡುವೆ ತುಕ್ಕು, ಧೂಳು, ಇರುವೆ, ಒಮ್ಮೊಮ್ಮೆ ಸತ್ತ ಹಲ್ಲಿಯೂ ಸಿಕ್ಕಿಕೊಂಡರೆ, ಗುಂಯ್‌ ಎಂಬುದು ಗರಗರವಾಗುತ್ತದೆ. ವೋಲ್ಟೇಜು ಇಳಿದಾಗಲೂ ಹಾಗೆಯೇ. ಸಂದು ಉಳಿದಷ್ಟೂ ಸುರುಳಿಯಲ್ಲಿ ಪ್ರವಾಹವು ಹೆಚ್ಚಿ, ಕಾದು, ಕೊನೆಗೆ ಸುಟ್ಟುಹೋಗಬಹುದು. ಶಬ್ದವನ್ನಡಗಿಸಲು ರಟ್ಟಿನ ಚೂರನ್ನು ಸಂದಿಗೆ ಸಿಕ್ಕಿಸುವವರಿದ್ದಾರೆ. ಅದು ಬೆಂಕಿಗೆ ಆಮಂತ್ರಣವೇ ಸರಿ.

ಶುದ್ಧಿಮಾಡುವ ಮೊದಲು ಮೇನ್ ಸ್ವಿಚ್ಚನ್ನು ಆರಿಸಿದರೆ ಸಾಲದೆಂಬುದನ್ನು ವಿಶೇಷವಾಗಿ ನೆನಪಿಡತಕ್ಕದ್ದು. ಬೀದಿಯ ವಿದ್ಯುತ್ತು ನಿಂತಿತೆಂದು ತಿಳಿದು ಜನರೇಟರು ತಾನಾಗಿ ಹೊರಟು ಪೆಟ್ಟಿಗೆಗೆ ಮತ್ತೆ ಜೀವ ಕೊಡುವುದು! ಅದರ ಸ್ವಯಂಚಾಲನೆಯನ್ನು ನಿಲ್ಲಿಸಿ, ಬ್ಯಾಟರಿಯ ತಂತಿಯನ್ನು ಕಳಚಿ, ಪರೀಕ್ಷಕದಿಂದ ನೋಡಿದ ಮೇಲೆಯೇ ಲೈಸೆನ್ಸು ಪಡೆದ ಎಲೆಕ್ಟ್ರಿಷಿಯನ್ನನು ಕೈಹಾಕಬೇಕು. ಕಬ್ಬಿಣದ ಮುಖಗಳನ್ನು ಒಣ ಬಟ್ಟೆಯಿಂದ ಒರಸಬಹುದು. ಅರದಿಂದ ಉಜ್ಜಿದರೆ ಸಮತಲವು ಕೆಟ್ಟು ಶಬ್ದವು ಹೆಚ್ಚುವುದು. ಎಣ್ಣೆ ಹಾಕಿದರೆ ಧೂಳು ಅಂಟುವುದು.

ಅಮೇರಿಕದಲ್ಲಿ ಸಂಸಾರಸಮೇತ ಪ್ರಯಾಣ ಮಾಡುವ ಮನೆಬಂಡಿಗಳಲ್ಲಿಯೂ ಇಂಥದೇ ಪೆಟ್ಟಿಗೆಯುಂಟು. ಅಲ್ಲಿಯ ವಿದ್ಯುತ್ತು ೬೦ ಆವರ್ತನೆಯದಾದುದರಿಂದ ಅದು ಸೆಕೆಂಡಿಗೆ ೧೨೦ ಸಲ ಮಿಡಿಯುವುದು. ಮಲಗುವ ಹಾಸಿಗೆಯ ಬಳಿಯಲ್ಲಿಯೇ ಇದ್ದರೆ ಪ್ರಯಾಣಿಕರ ಪಾಡೇನೆಂದು ಹೇಳಬೇಕಾಗಿಲ್ಲ. ಸುರುಳಿಗೆ ಏಕಮುಖ ವಿದ್ಯುತ್ತನ್ನು ಕೊಟ್ಟು ನಡೆಸುವ ಬಗೆಯ ಸ್ವಿಚ್ಚಿನಲ್ಲಿ ಈ ಮಿಡಿತವಿರುವುದಿಲ್ಲ.

ಕೈಯಿಂದ ತಿರುಗಿಸುವ ಹಿಡಿಯುಳ್ಳ ಸ್ವಿಚ್ಚು ಸಂಪೂರ್ಣ ನಿಶ್ಶಬ್ದವಾದದ್ದು, ಸುರಕ್ಷಿತವೂ ಹೌದು, ಬೆಲೆಯೂ ಕಡಿಮೆ. ಆದರೆ ಮಳೆಗಾಲದ ನಡುರಾತ್ರಿಯಲ್ಲಿ ಮೇಟ್ರನ್ನರು ಟಾರ್ಚು ಹಿಡಿದು ಹೋಗಿ ಅದನ್ನು ತಿರುಗಿಸುವವರೆಗೆ ಮೆಟ್ಟಿಲುಗಳಲ್ಲಿ ಕತ್ತಲೆಯೇ. ಚಿಕ್ಕ ಮಕ್ಕಳೂ ಇರುವ ಮನೆಯಿದು. ಆದುದರಿಂದ ಪೆಟ್ಟಿಗೆಯನ್ನು ಉಳಿಸಿಕೊಂಡು ಒಳಗಿನದನ್ನು ಬದಲಿಸುವುದೆಂದು ತೀರ್ಮಾನಿಸಿದೆವು. ಬಿಚ್ಚಿ ನೋಡಿದಾಗ ತಾಮ್ರದ ಬಳೆಯು ಬಿರಿದಿತ್ತು. ಹೊಸದನ್ನು ಕೂಡಿಸಿ, ಪೆಟ್ಟಿಗೆಯನ್ನು ಮಲಗುವ ಕೊಠಡಿಯ ಗೋಡೆಯಿಂದ ಜಗಲಿಯ ಕಲ್ಲುಗೋಡೆಗೆ ಸರಿಸಿ, ಹಿಂದೆ ರಬ್ಬರಿನ ಬಿಲ್ಲೆಗಳನ್ನಿರಿಸಿದ್ದೇವೆ. ಹತ್ತಿರ ನಿಂತು ಕಿವಿಗೊಟ್ಟರೆ ಈಗಲೂ ಸಣ್ಣಗೆ ಕೇಳಿಸುತ್ತದೆ, ಕೊಠಡಿಯೊಳಗೆ ಕೇಳಿಸುವುದಿಲ್ಲ.