ಗುಡ್ಡದ ಮೇಲಿನ ರಿಪೀಟರೂ ನಮ್ಮ ಮಳೆಗಾಲವೂ

ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ಕಡೆಯ ತೋಟಗಳು ಒಂದೊಂದೂ ಒಂದು ದ್ವೀಪವಾಗುತ್ತವೆ ಎಂಬುದು ಸದಸ್ಯ ಬಾಂಧವರಿಗೆ ಹೊಸ ವಿಷಯವೇನಲ್ಲ. ಮೊದಲು ವಿದ್ಯುತ್ ಹೋಗುತ್ತದೆ. ಮರುದಿನ ಮೊಬೈಲ್ ಟವರಿನ ಬ್ಯಾಟರಿ ಮುಗಿಯುತ್ತದೆ. ಅಷ್ಟರಲ್ಲಿ ಎಲ್ಲೋ ಒಂದು ಮರ ರಸ್ತೆಗೆ ಅಡ್ಡ ಬಿದ್ದಿರುತ್ತದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಎಷ್ಟೋ ಊರುಗಳ ದಾರಿ, ದೀಪ, ದೂರವಾಣಿ ಮೂರೂ ಒಟ್ಟಿಗೇ ಕಡಿದುಹೋದದ್ದನ್ನು ನಾವು ಮರೆತಿಲ್ಲ. ಹೀಗಾಗಿ ಸಂಘಕ್ಕೆ ಗೊಬ್ಬರ, ಮೈಲುತುತ್ತ ಕೊಳ್ಳಲು ಬರುವ ಬೆಳೆಗಾರರು ಈಚೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಾರೆ: "ಒಂದು ಜೊತೆ ವಾಕಿಟಾಕಿ ತರಿಸಿಕೊಂಡರೆ ಹೇಗೆ?"

ಈ ಪ್ರಶ್ನೆಗೆ ಉತ್ತರವಾಗಿ ಈ ಲೇಖನ. ಆದರೆ ಉತ್ತರಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಅಂದು ನಡೆದದ್ದು

ನಾವು ಹಲವು ವರ್ಷಗಳಿಂದ ಹವ್ಯಾಸಿ ರೇಡಿಯೊದವರು, ಅಂದರೆ ಜನ ಹ್ಯಾಮ್ ಎಂದು ಕರೆಯುವ ಪಂಗಡದವರು. ಕೆಲವು ಮಳೆಗಾಲಗಳ ಹಿಂದೆ ಒಂದು ಮಧ್ಯಾಹ್ನ ಗುಡ್ಡದ ಮೇಲಿನ ರಿಪೀಟರಿನ ಮೂಲಕ ಘಟ್ಟದ ಕೆಳಗಿನ ಒಬ್ಬ ಮಿತ್ರರೊಡನೆ ಮಾತಿಗೆ ಕುಳಿತಿದ್ದೆವು. ಆಂಟೆನಾ ಎಷ್ಟು ಎತ್ತರ ಇರಬೇಕೆಂಬ ಚರ್ಚೆ. ಅವರು ಬಿಟ್ಟ ಕೂಡಲೇ ನಾವು ಗುಂಡಿ ಒತ್ತುವುದು, ನಾವು ಬಿಟ್ಟ ಕೂಡಲೇ ಅವರು ಒತ್ತುವುದು. ನಡುವೆ ಉಸಿರಾಡುವಷ್ಟೂ ಬಿಡುವಿಲ್ಲ.

ಅದೇ ಹೊತ್ತಿಗೆ ಹಳ್ಳದಾಚೆಯ ಅಡಿಕೆ ತೋಟವೊಂದರಲ್ಲಿ, ಮಳೆ ಬಿಟ್ಟ ಎರಡು ಗಂಟೆಯ ಬಿಸಿಲಿನಲ್ಲಿ ಕೊಳೆರೋಗಕ್ಕೆ ಬೋರ್ಡೊ ಮದ್ದು ಹೊಡೆಯುತ್ತಿದ್ದ ಕೊನೆಗಾರ ಮರದಿಂದ ಜಾರಿ ಬಿದ್ದಿದ್ದ. ತೊಡೆಯ ಮೂಳೆ ಮುರಿದಿತ್ತು. ಮೊಬೈಲ್ ಸತ್ತು ಎರಡು ದಿನವಾಗಿತ್ತು. ಆ ಮನೆಯ ಹುಡುಗ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವನು. ಕೈಸೆಟ್ಟು ಹಿಡಿದು ತೋಟದ ದಿಬ್ಬ ಹತ್ತಿದ. ನಮ್ಮ ಮಾತು ಅವನಿಗೆ ಗಂಟೆ ಹೊಡೆದಂತೆ ಕೇಳುತ್ತಿತ್ತು. ಆದರೆ ಅವನು ಕರೆದದ್ದು ರಿಪೀಟರಿಗೆ ಮುಟ್ಟಲೇ ಇಲ್ಲ. ಹಿಂದಿನ ವಾರವಷ್ಟೇ ಗೆಳೆಯನೊಬ್ಬ ಕಳುಹಿಸಿದ ಫೈಲನ್ನು ಕಂಪ್ಯೂಟರಿನಿಂದ ಸೆಟ್ಟಿಗೆ ತುಂಬಿದ್ದ. ಅದರಲ್ಲಿ ರಿಪೀಟರಿನ ಟೋನ್ ಇರಬೇಕಾದ ಜಾಗ ಖಾಲಿ ಇತ್ತು.

ಪುಣ್ಯಕ್ಕೆ ಸೆಟ್ಟಿನ ಚೀಲದಲ್ಲಿ ಒಂದು ಚೀಟಿ ಇತ್ತು. ಅದನ್ನು ನೋಡಿ ಗುಂಡಿಗಳನ್ನೊತ್ತಿ ಕೈಯಿಂದಲೇ ಟೋನ್ ಕೂಡಿಸಿದ. ಹೆದರಿದ ಕೈಗೆ ಅದಕ್ಕೇ ಕಾಲು ಗಂಟೆ ಹಿಡಿಯಿತು. ಈಗ ಅವನ ಕರೆ ಗುಡ್ಡ ಮುಟ್ಟುತ್ತಿತ್ತು. ಆದರೆ ನಾವು ಜಾಗ ಬಿಡಬೇಕಲ್ಲ! ನಮ್ಮ ದೊಡ್ಡ ಸೆಟ್ಟಿನ ಧ್ವನಿಯ ಅಡಿಯಲ್ಲಿ ಅವನ ಸಣ್ಣ ಸೆಟ್ಟಿನ ಧ್ವನಿ ಹೂತುಹೋಗುತ್ತಿತ್ತು. ಮಾತನಾಡುತ್ತಿರುವವರಿಗೆ ಆ ಹೊತ್ತಿನಲ್ಲಿ ಬೇರೇನೂ ಕೇಳುವುದಿಲ್ಲವಾದ್ದರಿಂದ ನಮಗದು ತಿಳಿಯಲೂ ಇಲ್ಲ.

ಕಡೆಗೆ ನಮ್ಮ ಭಾಷಣ ಮೂರು ನಿಮಿಷ ದಾಟಿ ರಿಪೀಟರಿನ ಗಡಿಯಾರವೇ ನಮ್ಮನ್ನು ಕಡಿದುಹಾಕಿತು. ಆ ನಿಶ್ಶಬ್ದದಲ್ಲಿ ಪೇಟೆಯಲ್ಲಿ ಸುಮ್ಮನೆ ಕೇಳುತ್ತ ಕುಳಿತಿದ್ದ ನಿವೃತ್ತ ಮೇಷ್ಟರೊಬ್ಬರ ಧ್ವನಿ ಬಂತು: "ರಾಯರೇ, ಸ್ವಲ್ಪ ಸುಮ್ಮನಿರಿ. ನಿಮ್ಮ ಮಾತಿನಡಿ ಯಾರೋ ಕರೀತಿದಾರೆ. ಹೇಳಪ್ಪಾ, ಯಾರದು?" ಆಮೇಲಿನದೆಲ್ಲ ಬೇಗ ನಡೆಯಿತು. ಮೇಷ್ಟರು ಪೇಟೆಯ ದೂರವಾಣಿಯಿಂದ ಆಸ್ಪತ್ರೆಗೆ ತಿಳಿಸಿದರು, ಒಂದು ಜೀಪು ಹೊರಟಿತು. ಕೊನೆಗಾರ ಇಂದು ನಡೆದಾಡುತ್ತಾನೆ, ಮರ ಹತ್ತುವುದಿಲ್ಲ. ಕಳೆದುಹೋದ ಆ ಅರ್ಧ ಗಂಟೆಯಲ್ಲಿ ಒಂದು ಪಾಲು ತಪ್ಪಾಗಿ ತುಂಬಿದ ಫೈಲಿನದು, ಇನ್ನೊಂದು ಪಾಲು ನಮ್ಮದು.

ರಿಪೀಟರ್ ಎಂದರೇನು?

ಹವ್ಯಾಸಿಗಳು ಹತ್ತಿರದ ಸಂಪರ್ಕಕ್ಕೆ ಹೆಚ್ಚಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು. ಈ ಅಲೆಗಳು ಬಹುಮಟ್ಟಿಗೆ ಕಣ್ಣಿನ ನೋಟದಂತೆ ನೇರ ಹೋಗುತ್ತವೆ. ಗುಡ್ಡ ಅಡ್ಡ ಬಂದರೆ ನಿಲ್ಲುತ್ತವೆ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು ಸುಮಾರು 4.1ರಿಂದ ಗುಣಿಸಿದರೆ ಅಲೆ ಮುಟ್ಟುವ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಎದೆಯ ಮಟ್ಟದಲ್ಲಿ ಹಿಡಿದ ಕೈಸೆಟ್ಟಿಗೆ ಬಯಲಿನಲ್ಲಿಯೂ ಇದು ಐದು ಕಿಲೋಮೀಟರು ಮಾತ್ರ. ಸುತ್ತಲ ನೆಲಕ್ಕಿಂತ 400 ಮೀಟರ್ ಎತ್ತರದ ಗುಡ್ಡದ ನೆತ್ತಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು.

ಆದ್ದರಿಂದ ಗುಡ್ಡದ ಮೇಲೆ ಒಂದು ಯಂತ್ರವನ್ನಿಟ್ಟರು. ಅದು ಒಂದು ಆವರ್ತನದಲ್ಲಿ ಕೇಳುತ್ತದೆ, ಕೇಳಿದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿ ಗಟ್ಟಿಯಾಗಿ ಹೇಳುತ್ತದೆ. ಇದೇ ರಿಪೀಟರು. ಈ ಪಟ್ಟಿಯಲ್ಲಿ ಎರಡು ಆವರ್ತನಗಳ ನಡುವಣ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಉದಾಹರಣೆಗೆ ಯಂತ್ರ 145.700ರಲ್ಲಿ ಹೇಳುವುದಾದರೆ 145.100ರಲ್ಲಿ ಕೇಳುತ್ತದೆ. ನಮ್ಮ ಸೆಟ್ಟು ಇದಕ್ಕೆ ತಲೆಕೆಳಗಾಗಿರಬೇಕು: 145.700ರಲ್ಲಿ ಕೇಳಬೇಕು, ಗುಂಡಿ ಒತ್ತಿದಾಗ ತಾನಾಗಿ 145.100ಕ್ಕೆ ಇಳಿಯಬೇಕು.

ಇದರ ಜೊತೆಗೆ ಟೋನ್. ದಾರಿಹೋಕ ಸದ್ದುಗಳಿಗೆಲ್ಲ ಯಂತ್ರ ಬಾಯಿ ತೆರೆಯದಿರಲೆಂದು ನಮ್ಮ ಮಾತಿನಡಿ ಒಂದು ಮಂದ್ರ ಸ್ವರವನ್ನು ಸೆಟ್ಟು ಸೇರಿಸುತ್ತದೆ, 88.5 ಹರ್ಟ್ಸ್ ಎಂಬಂಥ ಸ್ವರ. ಕೇಳುವವರ ಕಿವಿಗೆ ಅದು ಬೀಳುವುದಿಲ್ಲ, ಯಂತ್ರಕ್ಕೆ ಮಾತ್ರ ಗೊತ್ತಾಗುತ್ತದೆ. ಈ ಸ್ವರವಿಲ್ಲದವರಿಗೆ ಬಾಗಿಲು ತೆರೆಯುವುದಿಲ್ಲ. ಹುಡುಗನಿಗೆ ಆದದ್ದು ಇದೇ.

ಸಾಲು ಮರ್ಯಾದೆ

ರಿಪೀಟರ್ ಒಂದೇ ಬಾಯಿಯ ಯಂತ್ರ. ಊರ ಬಾವಿಗೆ ಒಂದೇ ರಾಟೆ ಇದ್ದಂತೆ. ಒಬ್ಬರು ಸೇದುವಾಗ ಉಳಿದವರು ಕಾಯಬೇಕು. ಸೇದುವವರೂ ಕಾಯುವವರನ್ನು ನೆನೆಯಬೇಕು. ಇದರ ನಡವಳಿಕೆಯೆಲ್ಲ ಈ ಮಾತಿನಿಂದಲೇ ಹುಟ್ಟಿದ್ದು.

ಮೊದಲು ಕೇಳಬೇಕು, ಆಮೇಲೆ ಒತ್ತಬೇಕು. ಒತ್ತಿದ ಮೇಲೆ ಒಂದು ಕ್ಷಣ ತಡೆದು ಮಾತು ತೆಗೆಯಬೇಕು, ಇಲ್ಲವಾದರೆ ಮೊದಲ ಪದ ನುಂಗಿಹೋಗುತ್ತದೆ. ತಮ್ಮ ಕರೆಸಂಕೇತ ಹೇಳದೆ ಬರಿದೇ ಗುಂಡಿ ಒತ್ತಿ ಯಂತ್ರವನ್ನು ಎಬ್ಬಿಸಿ ನೋಡುವುದು ತರವಲ್ಲ. ಪರೀಕ್ಷೆಗೆ ಒತ್ತುವುದಿದ್ದರೂ ಸಂಕೇತ ಹೇಳಿ ಒತ್ತಬೇಕು. ಮಾತು ಚಿಕ್ಕದಾಗಿರಬೇಕು. ಇನ್ನೊಬ್ಬರು ಮುಗಿಸಿದ ಮೇಲೆ ಎರಡು ಮೂರು ಎಣಿಸುವಷ್ಟು ಬಿಡುವು ಕೊಡಬೇಕು. ಈ ಬಿಡುವೇ ತುರ್ತಿನವನ ಬಾಗಿಲು. ಯಾರಾದರೂ "ಬ್ರೇಕ್" ಎಂದರೆ ಏನಿದ್ದರೂ ನಿಲ್ಲಿಸಿ ಅವರಿಗೆ ಎಡೆ ಕೊಡಬೇಕು. ಇಬ್ಬರೂ ನೇರ ಕೇಳುವಷ್ಟು ಹತ್ತಿರವಿದ್ದರೆ ರಿಪೀಟರನ್ನು ಬಿಟ್ಟು ನೇರ ಆವರ್ತನಕ್ಕೆ ಹೋಗುವುದು ಮರ್ಯಾದೆ. ದಾರಿಯಲ್ಲಿರುವವರಿಗೆ, ಸಣ್ಣ ಸೆಟ್ಟಿನವರಿಗೆ ಮೊದಲ ಸರದಿ. ಕಿಡಿಗೇಡಿಯೊಬ್ಬ ನಡುವೆ ಸದ್ದು ಮಾಡಿದರೆ ಅವನಿಗೆ ಉತ್ತರವನ್ನೇ ಕೊಡಬಾರದು; ಉತ್ತರವೇ ಅವನಿಗೆ ಸಿಗುವ ಕೂಲಿ.

ಇದನ್ನೆಲ್ಲ ಬಲ್ಲ ನಾವೇ ಅಂದು ಮರೆತಿದ್ದೆವು. ಬಲ್ಲೆವೆಂಬ ಸಲುಗೆಯೇ ಮರೆವಿಗೆ ಕಾರಣವೆಂದು ಕಾಣುತ್ತದೆ.

ಕಂಪ್ಯೂಟರಿನ ಕಾಟ

ಹಿಂದೆ ಸೆಟ್ಟಿಗೆ ಗುಂಡಿ ತಿರುಗಿಸಿದರೆ ಮುಗಿಯುತ್ತಿತ್ತು. ಈಗಿನ ಕೈಸೆಟ್ಟುಗಳ ಸ್ಮೃತಿಯಲ್ಲಿ ನೂರಾರು ಚಾನೆಲ್ಲುಗಳು. ಅವನ್ನು ತುಂಬಲು ಒಂದು ಕೇಬಲ್ಲು, ಒಂದು ಸಾಫ್ಟ್‌ವೇರು ಬೇಕು. ತಯಾರಕರ ಸಾಫ್ಟ್‌ವೇರು ಒಂದೊಂದು ಮಾದರಿಗೆ ಒಂದೊಂದು. ಹಲವು ಕಂಪನಿಗಳ ಸೆಟ್ಟುಗಳಿಗೆ ಒಗ್ಗುವ, ಹಣ ಕೊಡಬೇಕಿಲ್ಲದ 'ಚಿರ್ಪ್' ಎಂಬುದನ್ನು ಅಮೆರಿಕದ ಹವ್ಯಾಸಿ ಡ್ಯಾನ್ ಸ್ಮಿತ್ ಆರಂಭಿಸಿದರು. ಇಂದು ಲೋಕದ ಎಲ್ಲ ಕಡೆಯ ಹವ್ಯಾಸಿಗಳು ಅದನ್ನು ಬಳಸುತ್ತಾರೆ.

ತೊಂದರೆ ಮೊದಲಾಗುವುದು ಕೇಬಲ್ಲಿನಿಂದ. ಅಗ್ಗದ ಕೇಬಲ್ಲುಗಳೊಳಗೆ ಹೆಸರಾಂತ ಚಿಪ್ಪಿನ ನಕಲು ಇರುವುದುಂಟು. ಹೊಸ ವಿಂಡೋಸ್‌ನ ಡ್ರೈವರು ನಕಲನ್ನು ಗುರುತಿಸಿ ಕೆಲಸ ಮಾಡಲು ಒಪ್ಪುವುದಿಲ್ಲ. ಆಗ ನಕಲನ್ನು ಒಪ್ಪುವ ಹಳೆಯ ಡ್ರೈವರು ಹಾಕಬೇಕು, ಇಲ್ಲವೇ ಒಳ್ಳೆಯ ಕೇಬಲ್ಲು ಕೊಳ್ಳಬೇಕು. ಎರಡನೆಯದೇ ಲೇಸು. "ರೇಡಿಯೊ ಉತ್ತರಿಸಲಿಲ್ಲ" ಎಂಬ ಸಂದೇಶ ಬಂದಾಗ ಸೆಟ್ಟು ಕೆಟ್ಟಿತೆಂದು ಗಾಬರಿ ಬೇಡ. ಬಹಳ ಸಲ ಕಾರಣ ಚಿಕ್ಕದು: ಸೆಟ್ಟಿನ ಪಕ್ಕದ ಪ್ಲಗ್ಗು ಪೂರ್ತಿ ಒಳಗೆ ಹೋಗಿರುವುದಿಲ್ಲ, ಇಲ್ಲವೇ ಸಾಫ್ಟ್‌ವೇರಿನಲ್ಲಿ ಆರಿಸಿದ ಪೋರ್ಟಿನ ಸಂಖ್ಯೆ ಬೇರೆಯಾಗಿರುತ್ತದೆ.

ಎರಡನೆಯ ತೊಂದರೆ ಅವಸರದ್ದು. ಸೆಟ್ಟಿನಲ್ಲಿ ಈಗಿರುವುದನ್ನು ಮೊದಲು ಕಂಪ್ಯೂಟರಿಗೆ ಓದಿಕೊಂಡು, ತಾರೀಖು ಬರೆದು, ಮುಟ್ಟದೆ ಎತ್ತಿಡಬೇಕು. ಕೆಟ್ಟರೆ ಹಿಂತಿರುಗಲು ಅದೇ ದಾರಿ. ಇನ್ನೊಬ್ಬರ ಫೈಲನ್ನು ಇಡಿಯಾಗಿ ತುಂಬಬಾರದು. ಹೊರಗೆ ಒಂದೇ ಹೆಸರಿದ್ದರೂ ಒಳಗಿನ ಆವೃತ್ತಿ ಬೇರೆ ಇರಬಹುದು. ನಮ್ಮ ಸೆಟ್ಟಿನಿಂದ ಓದಿಕೊಂಡ ಪಟ್ಟಿಗೆ ಬೇಕಾದ ಸಾಲುಗಳನ್ನಷ್ಟೇ ಸೇರಿಸಿ ಅದನ್ನೇ ಮರಳಿ ತುಂಬುವುದು ಸುರಕ್ಷಿತ.

ಮೂರನೆಯದು ಸಾಲಿನೊಳಗಿನ ತಪ್ಪು. ಪ್ರತಿ ರಿಪೀಟರಿಗೂ ನಾಲ್ಕು ವಿಷಯ ಸರಿಯಿರಬೇಕು: ಕೇಳುವ ಆವರ್ತನ, ಅಂತರ ಮೇಲಕ್ಕೋ ಕೆಳಕ್ಕೋ ಎಂಬುದು, ಅಂತರದ ಅಳತೆ, ಟೋನ್. ಟೋನಿನಲ್ಲಿಯೂ ಎರಡು ಬಗೆ. ಕಳುಹಿಸುವಾಗ ಮಾತ್ರ ಸೇರಿಸುವುದು ಒಂದು. ಕೇಳುವಾಗಲೂ ಆ ಸ್ವರ ಬಂದರೆ ಮಾತ್ರ ಸೆಟ್ಟಿನ ಬಾಯಿ ತೆರೆಯುವುದು ಇನ್ನೊಂದು. ಗುಡ್ಡದ ಯಂತ್ರ ಸ್ವರವನ್ನು ಮರಳಿ ಕಳುಹಿಸದಿದ್ದರೆ ಎರಡನೆಯ ಬಗೆಯಲ್ಲಿಟ್ಟ ಸೆಟ್ಟು ಮೂಕವಾಗಿ ಕುಳಿತಿರುತ್ತದೆ, ನಾವು ರಿಪೀಟರನ್ನು ಬೈಯುತ್ತಿರುತ್ತೇವೆ. ಹವ್ಯಾಸಿ ಪಟ್ಟಿಯ ಹೊರಗಿನ ಆವರ್ತನವನ್ನು ಸೆಟ್ಟಿನಲ್ಲಿ ಇಡಲೇಬಾರದು. ಆಕಸ್ಮಿಕವಾಗಿ ಒತ್ತಿದ ಗುಂಡಿ ವಿಮಾನದವರ ಅಥವಾ ಪೋಲೀಸರ ಮಾತಿಗೆ ಅಡ್ಡ ಬಂದೀತು.

ಸದಸ್ಯರ ಪ್ರಶ್ನೆಗೆ ಉತ್ತರ

ಈಗ ಮೊದಲಿನ ಪ್ರಶ್ನೆ. ಲೈಸೆನ್ಸ್ ಇಲ್ಲದೆ ಹವ್ಯಾಸಿ ಪಟ್ಟಿಯಲ್ಲಿ ಮಾತನಾಡುವುದು ಅಪರಾಧ. ಅಂಗಡಿಯಲ್ಲಿ ಸಿಕ್ಕಿತು, ಆನ್‌ಲೈನಿನಲ್ಲಿ ಬಂತು ಎಂಬುದು ಸಮಜಾಯಿಷಿ ಆಗಲಾರದು. ಲೈಸೆನ್ಸ್ ಇದ್ದವರೂ ಅದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಕಾಫಿಯ ದರ ಕೇಳುವುದು, ಆಳುಗಳನ್ನು ಯಾವ ಬ್ಲಾಕಿಗೆ ಕಳುಹಿಸಬೇಕೆಂದು ರೈಟರಿಗೆ ಹೇಳುವುದು, ಅಡಿಕೆ ಲಾರಿ ಹೊರಟಿತೇ ಎಂದು ವಿಚಾರಿಸುವುದು ಇವೆಲ್ಲ ಅಲ್ಲಿ ಸಲ್ಲವು. ತೋಟದ ದಿನನಿತ್ಯದ ಕೆಲಸಕ್ಕೆ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ನಡೆಯುವ ಕಡಿಮೆ ಶಕ್ತಿಯ ಸೆಟ್ಟುಗಳಿವೆ. ಸರ್ಕಾರದ ಅನುಮೋದನೆ ಪಡೆದ ಅಂಥ ಸೆಟ್ಟಿಗೆ ಲೈಸೆನ್ಸ್ ಬೇಕಿಲ್ಲ. ಕಣದಿಂದ ಬಂಗಲೆಗೆ, ಬಂಗಲೆಯಿಂದ ಹತ್ತಿರದ ಬ್ಲಾಕಿಗೆ ಸಾಕಾಗುತ್ತದೆ. ಗುಡ್ಡದಾಚೆಗೆ ಹೋಗುವುದಿಲ್ಲ.

ದೂರದ ಆಸರೆ ಬೇಕೆನ್ನುವವರು ಮನೆಯಲ್ಲಿ ಒಬ್ಬರಾದರೂ ಹವ್ಯಾಸಿ ಪರೀಕ್ಷೆಗೆ ಕುಳಿತುಕೊಳ್ಳುವುದು ಒಳ್ಳೆಯದು. ಹನ್ನೆರಡು ತುಂಬಿದ ಮಕ್ಕಳೂ ಕುಳಿತುಕೊಳ್ಳಬಹುದು. ಮೊದಲ ದರ್ಜೆಗೆ ಮೋರ್ಸ್ ಸಂಕೇತ ಬೇಕಿಲ್ಲ; ರೇಡಿಯೊದ ಮೂಲತತ್ತ್ವ, ನಿಯಮಗಳು ಗೊತ್ತಿದ್ದರೆ ಸಾಕು. ಪಾಸಾದವರಿಗೆ ವಿಯು3 ಎಂದು ಮೊದಲಾಗುವ ಕರೆಸಂಕೇತ, ಮೇಲಿನ ದರ್ಜೆಯವರಿಗೆ ವಿಯು2. ರಾಜೀವ್ ಗಾಂಧಿಯವರೂ ಇಂಥದೊಂದು ಸಂಕೇತವಿದ್ದ ಹವ್ಯಾಸಿಯಾಗಿದ್ದರು. ನಮ್ಮ ರಾಜ್ಯಕ್ಕೆ ಇದು ಹೊಸತಲ್ಲ. ಬೆಂಗಳೂರಿನ ಅಮೆಚೂರ್ ರೇಡಿಯೊ ಕ್ಲಬ್ಬು 1959ರಷ್ಟು ಹಳೆಯದು. 2004ರ ಡಿಸೆಂಬರ್ 26ರ ಸುನಾಮಿ ಅಂಡಮಾನನ್ನು ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಅಂದಿನ ಪೋರ್ಟ್ ಬ್ಲೇರ್‌ನಲ್ಲಿತ್ತು. ದೂರವಾಣಿ ಸತ್ತ ಆ ದಿನಗಳಲ್ಲಿ ಎಷ್ಟೋ ಕುಟುಂಬಗಳಿಗೆ "ನಿಮ್ಮವರು ಬದುಕಿದ್ದಾರೆ" ಎಂಬ ಸುದ್ದಿ ಮುಟ್ಟಿದ್ದು ಹವ್ಯಾಸಿಗಳಿಂದ.

ಬೋರ್ಡೊ ಪಂಪನ್ನು ನಾವು ಮಳೆಗೆ ಮೊದಲೇ ಬಿಚ್ಚಿ, ವಾಷರು ನೋಡಿ, ಒಮ್ಮೆ ನೀರು ಹಾಯಿಸಿ ಇಡುತ್ತೇವೆ. ರೇಡಿಯೊವನ್ನೂ ಹಾಗೆಯೇ ಮೃಗಶಿರೆಗೆ ಮೊದಲೇ ಹಿಡಿದು ದಿಬ್ಬಕ್ಕೆ ಹೋಗಿ ಒಂದು ಸಲ ನಿಜವಾಗಿ ಮಾತನಾಡಿ ನೋಡಬೇಕು. ಕಂಪ್ಯೂಟರಿಲ್ಲದೆ ಗುಂಡಿಗಳಿಂದಲೇ ಟೋನ್ ಕೂಡಿಸುವುದನ್ನು ಮನೆಯವರೆಲ್ಲರೆದುರು ಮಾಡಿ ಕಲಿಯಬೇಕು. ಆವರ್ತನ, ಅಂತರ, ಟೋನ್ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ ಹೊದಿಸಿ ಸೆಟ್ಟಿನ ಚೀಲದಲ್ಲಿಡಬೇಕು.

ನಮ್ಮ ಮೇಜಿನ ಸೆಟ್ಟಿನ ಮೇಲೂ ಈಗ ಒಂದು ಚೀಟಿ ಅಂಟಿದೆ. ಅದರಲ್ಲಿ ಆವರ್ತನ ಇಲ್ಲ, ಟೋನ್ ಇಲ್ಲ. "ಬಿಟ್ಟ ಮೇಲೆ ಮೂರು ಎಣಿಸು" ಎಂದಷ್ಟೇ ಬರೆದಿದೆ. ಬರೆದುಕೊಟ್ಟವನು ಆ ಹುಡುಗ.